ಫಿಟ್ಟರ್ ಸಾಹೇಬರ ಐತವಾರದ ಕೂಟ

ಫಿಟ್ಟರ್ ಸಾಹೇಬರ ಉಗುರುಗಳಲ್ಲಿ ಎಂಜಿನ್ನಿನ ಎಣ್ಣೆ ಕೂತು ಕೂತು ಕಪ್ಪಾಗಿ ಹೋಗಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅವರ ಪಿಟೀಲಿನ ಕುತ್ತಿಗೆಯ ಮೇಲೆ ಬೆರಳು ಊರುವ ಜಾಗದಲ್ಲೆಲ್ಲ ಆ ಮಸಿ ಹತ್ತಿ, ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಗಳ ಹಾಗೆ ಕಾಣುತ್ತಿತ್ತು. ಕೆಂಪು ಮೀಸೆ, ಬಿಸಿಲಿಗೆ ಸಿಪ್ಪೆ ಏಳುವ ಮೂಗು, ಮೊಣಕಾಲಿನವರೆಗೆ ಮಡಿಚಿದ ಪ್ಯಾಂಟು. ದೊರೆ ಎಂದು ಕೈಮುಗಿಯಲು ಬಂದವರು ಇವರನ್ನು ಕಂಡು, ದೊರೆ ಎಲ್ಲಿ ಎಂದು ಇವರನ್ನೇ ಕೇಳುತ್ತಿದ್ದರು.

ಗೋಕಾಕದಿಂದ ಮುದಲಗಿಗೆ ಹೋಗುವ ದಾರಿಯಲ್ಲಿ ಆಗ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನ ಕಾರಖಾನೆ ಇತ್ತು. ಕಲ್ಲೋಳಿಯಿಂದ ದಿನಾ ನಡೆದು ಬಂದು ನಾನು ಅಲ್ಲಿ ಹತ್ತಿ ಗಾಡಿಗಳ ತೂಕ ಮಾಡುತ್ತಿದ್ದೆ. ಸುಗ್ಗಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಮಳೆಗಾಲಕ್ಕೆ ಜಿನ್ನು ಬಂದಾಗುತ್ತಿತ್ತು. ಆಗ ಉಳಿಯುತ್ತಿದ್ದವರು ನಾವು ಕೆಲವರು, ಎಂಜಿನ್ನು ಬಿಚ್ಚಿ ತೊಳೆಯುವ ಫಿಟ್ಟರ್ ಸಾಹೇಬರು, ಮತ್ತು ಬಂಗಲೆಯಲ್ಲಿ ಹೆಂಡತಿಯೊಡನೆ ಇರುತ್ತಿದ್ದ ದೊಡ್ಡ ಸಾಹೇಬ.

ಒಮ್ಮೆ ನಾನು ಮರ್ಯಾದೆಗೆಂದು ಫಿಟ್ಟರ್ ಸಾಹೇಬರಿಗೆ "ಇಂಗ್ಲಿಷ್ ಸಾಹೇಬ್ರು ನೀವು" ಎಂದುಬಿಟ್ಟೆ. ಅವರ ಮುಖ ಹಾಗಲಕಾಯಿ ಕಚ್ಚಿದಂತಾಯಿತು. ಆಳುಗಳ ಬಾಯಿಂದ ಕಲಿತ ಕನ್ನಡದಲ್ಲಿ ಹೇಳಿದರು: "ನಾ ಇಂಗ್ಲಿಷ್ ಅಲ್ಲ. ಐರಿಷ್. ನಮ್ಮೂರಾಗೂ ಅವ್ರೇ ಸಾಹೇಬ್ರು."

ನಮ್ಮ ಕೂಟ ಯಾರೂ ಕರೆದು ಶುರುವಾದದ್ದಲ್ಲ. ಒಂದು ಐತವಾರ ಕಾರಖಾನೆಯ ಬೇವಿನ ಮರದ ಕೆಳಗೆ ಮಸಗುಪ್ಪಿಯ ಕುರುಬ ಕಾಕಾ ಕುರಿ ಬಿಟ್ಟುಕೊಂಡು ಕೊಳಲು ಊದುತ್ತಿದ್ದ. ನಾನು ಜೊತೆಗೆ ಕೂತು ದಿಮ್ಮಡಿ ತಟ್ಟುತ್ತಿದ್ದೆ. ಊರಿನ ಭಜನೆಗೆ ಬಾರಿಸುತ್ತಿದ್ದ, ಕಟ್ಟಿಗೆಯ ಬಳೆಗೆ ಆಡಿನ ಚರ್ಮ ಬಿಗಿದ ವಾದ್ಯ ಅದು. ಸಾಹೇಬರು ಹೊರಗೆ ಬಂದರು. ದಿಮ್ಮಡಿ ತೆಗೆದುಕೊಂಡು ಚರ್ಮ ಮೂಸಿ ನೋಡಿದರು. "ನಮ್ಮ ಕಡೆನೂ ಇದು ಐತಿ. ಇದಕ್ಕಿಂತ ದೊಡ್ಡದು" ಎಂದು ಹಿಂದಿರುಗಿಸಿ ಒಳಗೆ ಹೋಗಿ ಪಿಟೀಲು ತಂದು ನೆಲದ ಮೇಲೆ ಕೂತರು. ಕಾಕಾನ ಧಾಟಿಯನ್ನು ಕಣ್ಣು ಮುಚ್ಚಿ ಕೇಳಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಅದರೊಳಗೆ ಸೇರಿಕೊಂಡರು. ಧಾಟಿ ಒಂದು ಸುತ್ತು ಮುಗಿಯುವಷ್ಟರಲ್ಲಿ ನಿಲ್ಲದೆ ತಮ್ಮ ದೇಶದ ಧಾಟಿಗೆ ಹೊರಳಿದರು. ನಾನು ಗಾಬರಿಯಾದೆ. "ನಿಂದ್ರಬ್ಯಾಡ!" ಎಂದು ಕೂಗಿದರು. ನೋಡಿದರೆ ನಡಿಗೆ ಅದೇ. ನಮ್ಮ ಭಜನೆಯವರು ಕುಣಿಯುವಾಗ ಹಾಕುವ ಆರು ಪೆಟ್ಟಿನ ನಡಿಗೆ. ನನ್ನ ಕೈ ತಾನಾಗಿಯೇ ಹೋಯಿತು. ಕಾಕಾ ಕೊಳಲು ಕೆಳಗಿಟ್ಟು, "ಇದು ನಮ್ಮ ಬೀರಪ್ಪನ ಧಾಟಿ ಅಲ್ಲೇನೋ ತಮ್ಮಾ? ಇವ್ರಿಗೆ ಯಾರ ಕಲಿಸಿದ್ರು?" ಎಂದ.

ಆಮೇಲೆ ಐತವಾರ ತಪ್ಪಲಿಲ್ಲ. ಸಾಹೇಬರ ಕೂಟದಲ್ಲಿ ಸುತ್ತಾಗಿ ಕೂತು ಎಲ್ಲರ ಮುಖವೂ ಒಳಗೇ ಇರಬೇಕು. ಗೊತ್ತಿಲ್ಲದ ಧಾಟಿ ಬಂದರೆ ಕೈ ಮಡಿಚಿ ಕೂಡಬೇಕು, ಊಹೆಯ ಮೇಲೆ ತಡವಿ ಬಾರಿಸಬಾರದು. ಒಬ್ಬರನ್ನು ಮುಳುಗಿಸಿ ಇನ್ನೊಬ್ಬರು ಮೇಲೆ ಬರಬಾರದು. ಚಪ್ಪಾಳೆ ಕೇಳಿದರಂತೂ ಅವರಿಗೆ ಮೈ ಉರಿಯುತ್ತಿತ್ತು. ಮುದಲಗಿಯ ಒಬ್ಬ ವ್ಯಾಪಾರಿ ಬಂದು ನಿಂತು "ವ್ಹಾ ವ್ಹಾ" ಅನ್ನತೊಡಗಿದಾಗ, "ಸಂತ್ಯಾಗ ಎತ್ತ ನೋಡಾಕ ಬಂದಾನೇನು ಇಂವಾ?" ಎಂದು ಪಕ್ಕಕ್ಕೆ ಉಗುಳಿದರು. "ಥೂ" ಎಂಬ ಮಾತನ್ನು ಅವರಷ್ಟು ಚೆನ್ನಾಗಿ ಆಡುವ ಕನ್ನಡಿಗರನ್ನೂ ನಾನು ಕಂಡಿಲ್ಲ.

ಕಲ್ಲೋಳಿಯ ನಮ್ಮ ಹಿರಿಯರಿಗೂ ಸುದ್ದಿ ಮುಟ್ಟಿತು. "ದನಾ ತಿನ್ನಾವನ ಬಾಜೂ ಕುಂತ ಕೈಲೆ ಇಲ್ಲಿ ಶರಣರ ಪದಕ್ಕ ಬಾರಸ್ತಿಯೇನು?" ಎಂದು ಸೋಮವಾರದ ಭಜನೆಯಿಂದ ನನ್ನನ್ನು ಎಬ್ಬಿಸಿದರು. ಎಬ್ಬಿಸಿದವರಲ್ಲಿ ಇಬ್ಬರು ಕದ್ದು ಸೆರೆ ಕುಡಿಯುವವರೆಂದು ಊರಿಗೇ ಗೊತ್ತಿತ್ತು. ಅಸಹ್ಯದ ಮೊದಲ ತುತ್ತು ನನಗೆ ಅಲ್ಲಿ ಸಿಕ್ಕಿತು.

ಎರಡನೆಯದನ್ನು ಬಡಿಸಿದವರು ಕಾರಖಾನೆಯ ಹೆಡ್ ಕಾರಕೂನರು. ನಮ್ಮವರೇ. ತುಟಿಯ ಎರಡೂ ಮೂಲೆಯಲ್ಲಿ ಎಲೆ ಅಡಿಕೆಯ ರಸ ಸದಾ ಜಿನುಗುತ್ತಿರುವ, ಮೇಲಿನವರ ಎದುರು ಬೆನ್ನು ಬಾಗಿಸಿ ಬಾಗಿಸಿ ನೆಟ್ಟಗೆ ನಿಲ್ಲುವುದನ್ನೇ ಮರೆತ ಮನುಷ್ಯ. ಒಂದು ಮಳೆಗಾಲ ಬೆಳಗಾವಿಯಿಂದ ಬಿಳಿಯರ ಒಂದು ಗುಂಪು ಗೋಕಾಕದ ಧಬಧಬೆ, ಅಲ್ಲಿಯ ಜಲಪಾತ, ನೋಡಲು ಬಂದು ನಮ್ಮ ಬಂಗಲೆಯಲ್ಲಿ ಇಳಿಯಿತು. ದೊಡ್ಡ ಸಾಹೇಬನ ಹೆಂಡತಿಗೆ ನಮ್ಮ ಕೂಟವನ್ನು ಅವರಿಗೆ ತೋರಿಸುವ ಹುಕಿ. ಫಿಟ್ಟರ್ ಸಾಹೇಬರು ಒಂದೇ ಮಾತಿನಲ್ಲಿ ಆಗುವುದಿಲ್ಲ ಎಂದರು. ಆಕೆ ಕಾರಕೂನರಿಗೆ ಹೇಳಿದಳು. ಕಾರಕೂನರು ಮಸಗುಪ್ಪಿಗೇ ಹೋದರು. ಕುರುಬ ಕಾಕಾನ ಮಗ ಆಗಷ್ಟೇ ಎಂಜಿನ್ನಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದ್ದ.

"ಮಗನ ನೌಕರಿ ನಿನ್ನ ಕೊಳಲಾಗ ಐತಿ ಅಂತ ತಿಳಕೋ" ಎಂದರಂತೆ. "ಬರುವಾಗ ಒಂದ ಮರಿ ಹೊತಗೊಂಡ ಬಾ. ಮೇಮ್‌ಸಾಹೇಬ್ರಿಗೆ ಕುರುಬ ಅಂದ್ರ ಬಗಲಾಗ ಮರಿ ಇರಬೇಕು."

ಮುದುಕ ಬಂದ. ಬಗಲಲ್ಲಿ ಮರಿ, ತಲೆಗೆ ಕಾರಕೂನರು ಕೊಟ್ಟ ಹರಕು ಜರಿ ರುಮಾಲು. ಅವನನ್ನು ಒಂಟಿಯಾಗಿ ಬಿಡಲಾರದೆ ನಾನು ದಿಮ್ಮಡಿ ಹಿಡಿದು ಹೋದೆ. ಹೋಗುವ ಮೊದಲು ಎಂಜಿನ್ ಮನೆಗೆ ಓಡಿ ಸಾಹೇಬರಿಗೆ ತಿಳಿಸಿದೆ. ಅವರು ಕೈಯನ್ನೂ ಒರೆಸಿಕೊಳ್ಳದೆ ಪಿಟೀಲು ಎತ್ತಿಕೊಂಡು ಬಂದರು.

ಮಳೆ ಬಿಟ್ಟ ಮಧ್ಯಾಹ್ನ. ಬಂಗಲೆಯ ಅಂಗಳದಲ್ಲಿ ಅತಿಥಿಗಳು ಕುರ್ಚಿ ಹಾಕಿ ಕೂತಿದ್ದರು. ಊಟವಾಗಿ, ಕುಡಿತ ನಡೆದಿತ್ತು. ಸಾಹೇಬರು ಹಸಿ ಹುಲ್ಲಿನ ಮೇಲೆ, ಕುರ್ಚಿಗಳಿಗೆ ಬೆನ್ನು ಹಾಕಿ ಕೂತರು. ನಮ್ಮನ್ನೂ ಎದುರು ಕೂಡಿಸಿಕೊಂಡರು. ಈ ಕಡೆ ತಿರುಗಿ ಎಂಬಂತೆ ಕೈ ಮಾಡಿ ದೊಡ್ಡ ಸಾಹೇಬನ ಹೆಂಡತಿ ಏನೋ ಹೇಳಿದಳು. ಇವರು ಇಂಗ್ಲಿಷಿನಲ್ಲಿ ಒಂದು ಮಾತು ಅಂದರು. ನನಗೆ ತಿಳಿಯಲಿಲ್ಲ. ಆಕೆಯ ಕುತ್ತಿಗೆ ಕೆಂಪಾದದ್ದು ಮಾತ್ರ ಕಂಡಿತು.

ಒಂದು ಧಾಟಿ ಮುಗಿದಿರಲಿಲ್ಲ. ಅತಿಥಿಗಳಲ್ಲಿ ಒಬ್ಬ ಹರೆಯದವನು ಬಾಟಲಿ ಹಿಡಿದು ಬಂದು, ಕಾಕಾನ ಕೈಯಿಂದ ಕೊಳಲು ಕಿತ್ತು, ಅದಕ್ಕೂ ಬಾಯಾರಿರಬೇಕು ಎಂಬಂತೆ ಅದರ ಬಾಯಿಗೆ ಸೆರೆ ಸುರಿದ. ಮನೆಯಲ್ಲಿ ಕುಲದೇವರು ಬೀರಪ್ಪನ ಜಗಲಿಯ ಮೇಲೆ ಇಡುವ ಕೊಳಲು. ಸೆರೆ ತೂತುಗಳಿಂದ ಇಳಿದು, ಮುದುಕನ ಮಡಿಲಿನಲ್ಲಿದ್ದ ಮರಿಯ ಮೈಮೇಲೆ ಹರಿಯಿತು. ಅದು ಒದರಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮುದುಕನೂ ನಕ್ಕ. ಮಗನ ನೌಕರಿ ನೆನೆದು, ಹಲ್ಲಿಲ್ಲದ ಬಾಯಿ ತೆರೆದು, ಅವರ ಜೊತೆಗೆ ನಕ್ಕ. ನಾನು ದಿಮ್ಮಡಿಯನ್ನು ಹುಲ್ಲಿನ ಮೇಲೆ ಬೋರಲು ಹಾಕಿದೆ.

ಸಾಹೇಬರು ಎದ್ದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಕೊಳಲನ್ನು ಆ ಹರೆಯದವನ ಕೈಯಿಂದ ತೆಗೆದುಕೊಂಡು, ಝಾಡಿಸಿ, ತಮ್ಮ ಅಂಗಿಯಿಂದ ಒರೆಸಿ ಕಾಕಾನಿಗೆ ಕೊಟ್ಟರು. ಆ ಬಿಳಿಯ ಹುಡುಗನ ಕಡೆ ನೋಡಲೂ ಇಲ್ಲ. ಕುರ್ಚಿಗಳ ಹಿಂದೆ ನಿಂತು, ಎಲ್ಲರಿಗಿಂತ ಜೋರಾಗಿ ಹೊಟ್ಟೆ ಹಿಡಿದು ನಗುತ್ತಿದ್ದ ನಮ್ಮ ಹೆಡ್ ಕಾರಕೂನರ ಬಳಿಗೆ ಹೋಗಿ, ಕನ್ನಡದಲ್ಲಿ ಕೇಳಿದರು: "ಅವ್ರು ಕುಡದಾರ. ನೀ ಯಾಕ ನಗಾಕತ್ತಿ?"

ಸಾಹೇಬರು ಕಾರಕೂನರ ಕಾಲ ಬಳಿ ಉಗುಳಿ, ಮರಿಯನ್ನು ತಾವೇ ಎತ್ತಿಕೊಂಡು, ನಮ್ಮಿಬ್ಬರನ್ನು ಮುಂದೆ ಮಾಡಿಕೊಂಡು ಹೊರಟರು.

ಮರುದಿನ ಫಿಟ್ಟರ್ ಸಾಹೇಬರ ಕೆಲಸ ಹೋಯಿತು. ಕಾಕಾನ ಮಗನ ಕೆಲಸ ಉಳಿಯಿತು. "ನಾ ಕೈಕಾಲ ಹಿಡದು ಉಳಿಸೇನಿ" ಎಂದು ಕಾರಕೂನರು ಮಸಗುಪ್ಪಿಗೆ ಹೋಗಿ ಹೇಳಿ, ಆ ಬಡವರ ಮನೆಯಿಂದ ಒಂದು ಗಡಿಗೆ ತುಪ್ಪ ಕಟ್ಟಿಸಿಕೊಂಡು ಬಂದರು. ನಿಜ ಹೊರಬಿದ್ದದ್ದು ಎಷ್ಟೋ ದಿನಗಳ ಮೇಲೆ, ಬಂಗಲೆಯ ಅಡಿಗೆಯವನ ಬಾಯಿಂದ. ದೊಡ್ಡ ಸಾಹೇಬ ಫಿಟ್ಟರ್ ಸಾಹೇಬರನ್ನೂ ಕಾಕಾನ ಮಗನನ್ನೂ ತೆಗೆಯುವವನಿದ್ದ. ಕಾಕಾನ ಮಗನನ್ನು ಮುಟ್ಟದಿದ್ದರೆ ತಾನು ಗದ್ದಲವಿಲ್ಲದೆ ಹೋಗುತ್ತೇನೆ, ಬೇರೆ ಕಂಪನಿಗೆ ಶಿಫಾರಸನ್ನೂ ಕೇಳುವುದಿಲ್ಲ ಎಂದು ಫಿಟ್ಟರ್ ಸಾಹೇಬರು ಹೇಳಿದ್ದನ್ನು ಅಡಿಗೆಯವನು ಬಾಗಿಲ ಹಿಂದೆ ನಿಂತು ಕೇಳಿದ್ದ. ಈ ಮಾತನ್ನು ನಾನು ಮಸಗುಪ್ಪಿಗೆ ಮುಟ್ಟಿಸಿದೆ. ತುಪ್ಪವನ್ನು ಕಾರಕೂನರು ಅಷ್ಟರಲ್ಲಿ ತಿಂದು ತೇಗಿದ್ದರು.

ಸಾಹೇಬರು ತಮ್ಮ ದೇಶಕ್ಕೆ ಹೋಗಲಿಲ್ಲ. ಅರಭಾವಿಯ ಒಬ್ಬ ಜೈನ ರೈತರು ತಮ್ಮ ಬಾವಿಯ ಎಂಜಿನ್ ಕೋಣೆಯಲ್ಲಿ ಅವರಿಗೆ ಜಾಗ ಕೊಟ್ಟರು. ಸುತ್ತಲಿನ ಎಂಜಿನ್ನು, ಕಬ್ಬಿನ ಗಾಣ ರಿಪೇರಿ ಮಾಡಿಕೊಂಡು ಅಲ್ಲೇ ಉಳಿದರು. ಮಾಂಸ ಅಲ್ಲಿ ಬೇಯಿಸಬಾರದೆಂದು ರೈತರು ಅಂದಾಗ, "ನಿಮ್ಮ ಮನಿ, ನಿಮ್ಮ ಮಾತು" ಎಂದು ಬಿಟ್ಟುಬಿಟ್ಟರು. ಕೂಟ ಅಲ್ಲಿಗೆ ಹೋಯಿತು. ಕಾಕಾನ ಮನೆಯವರು ಮೈಲಿಗೆಯಾದ ಕೊಳಲನ್ನು ಹೊಳೆಗೆ ಬಿಡಿಸಿದ್ದರು. ಹೊಸದನ್ನು ಅವನು ತಾನೇ ಕೊರೆದುಕೊಂಡ. ಧಾಟಿ ಬರುತ್ತಿತ್ತು, ಆದರೆ ಮೊದಲಿನ ಧೈರ್ಯ ಅದರಲ್ಲಿ ಇರಲಿಲ್ಲ. ಅವನು ಎಲ್ಲಿ ತಡೆದರೂ ಸಾಹೇಬರು ಅಲ್ಲಿಯೇ ತಡೆದು, ಅವನು ಮತ್ತೆ ಹೊರಟಾಗ ಹೊರಡುತ್ತಿದ್ದರು. ಯಾರ ಜೊತೆಗಾದರೂ ಬಾಳುವುದು ಹೇಗೆ ಎಂದು ನನಗೆ ತಿಳಿದಿದ್ದರೆ ಅದು ಆ ಕೋಣೆಯಲ್ಲಿ ತಿಳಿದದ್ದು.

ಒಂದು ಚಳಿಗಾಲ ಜ್ವರ ಬಂದು ಸಾಹೇಬರು ಹೋದರು. ಬೆಳಗಾವಿಗೆ ಹೇಳಿ ಕಳಿಸಿದೆವು. ಯಾರೂ ಬರಲಿಲ್ಲ. ರೈತರು ತಮ್ಮ ಹೊಲದ ಬದುವಿನಲ್ಲೇ ಜಾಗ ತೋರಿಸಿದರು. ಕಾಕಾನ ಮಗ, ಈಗ ಕಾರಖಾನೆಯಲ್ಲಿ ಎಂಜಿನ್ ನಡೆಸುವವನು, ಬೇರೆ ಯಾರಿಗೂ ಸಲಿಕೆ ಕೊಡದೆ ತಾನೊಬ್ಬನೇ ಕುಣಿ ತೋಡಿದ.

ಹೆಣ ಇಳಿಸುವ ಹೊತ್ತಿಗೆ ಟಾಂಗಾದಲ್ಲಿ ಹೆಡ್ ಕಾರಕೂನರು ಇಳಿದರು. ಕೈಯಲ್ಲಿ ಗುಲಾಬಿ ಹಾರ. ಆಗ ಅವರಿಗೆ ಊರಿನಲ್ಲಿ ಸಂಗೀತ ಪ್ರೇಮಿ ಎಂಬ ಹೆಸರು ಬಂದಿತ್ತು, ಸಭೆಗಳಲ್ಲಿ ಅಧ್ಯಕ್ಷರಾಗುತ್ತಿದ್ದರು. ಕಣ್ಣೊರೆಸಿಕೊಂಡು, "ನನ್ನ ಜೀವದ ಗೆಳೆಯಾ ಇದ್ರು. ಆ ಕೂಟಾ ಬೆಳಸಿದವ್ರ ನಾವು" ಎಂದು ಅಲ್ಲಿ ನೆರೆದವರಿಗೆ ಹೇಳಿದರು. ಅವರು ಬಗ್ಗಿ ಮುಷ್ಟಿ ತುಂಬ ಮಣ್ಣು ಎತ್ತಿಕೊಂಡು ಕುಣಿಯ ಅಂಚಿಗೆ ಬಂದರು.

ಕುಣಿಯೊಳಗಿಂದ ಕಾಕಾನ ಮಗ ತಲೆ ಎತ್ತಿದ. ದನಿ ಏರಿಸಲಿಲ್ಲ.

"ನೀವು ಹಾಕಬ್ಯಾಡ್ರಿ, ಕಾರಕೂನ್ರ. ಇವ್ರ ಹೊಟ್ಟಿಗೆ ನೀವು ಮಣ್ಣ ಹಾಕಿದ್ದು ಆವತ್ತ ಆಗೇತಿ. ಇವತ್ತ ನಾವು ಹಾಕ್ತೇವಿ."