ಹೂಳೆತ್ತುವ ಯಂತ್ರಕ್ಕೂ ಮುಂಚೆ ಬರುವ ಚಿಪ್ಪಕ್ಕ

ಬೆಳಗಿನ ಐದೂವರೆ. ನೀರು ಇಳಿಸಿದ ಕಾಲುವೆಯ ಕೆಸರಿನಲ್ಲಿ ಮೊಣಕಾಲುದ್ದ ಹೂತು ನಿಂತ ಹೆಂಗಸು ಮೊಣಕೈವರೆಗೆ ಕೈ ಇಳಿಸಿ ತಡಕಾಡುತ್ತಾಳೆ. ಹೊರಬಂದದ್ದು ಅಂಗೈಯಗಲದ ಒಂದು ಕಪ್ಪೆಚಿಪ್ಪು. "ಬಾರೇ ಸೋಮಾರಿ, ಎಂಟಕ್ಕೆ ನಿನ್ನ ಮನೆ ಅಗೀತಾರೆ," ಎನ್ನುತ್ತಾ ಅದನ್ನು ಒದ್ದೆ ಗೋಣಿಚೀಲಕ್ಕೆ ಸೇರಿಸುತ್ತಾಳೆ.

ಕಾಲುವೆ ಶುಚಿ ಮಾಡುವ ಕೆಲಸದವಳು ಈಕೆ. ವಯಸ್ಸು ಐವತ್ತಮೂರು. ಊರಿಗೆಲ್ಲ ಚಿಪ್ಪಕ್ಕ. ವರ್ಷಕ್ಕೊಮ್ಮೆ ಹೂಳೆತ್ತುವ ಯಂತ್ರ ಬಂದು, ಕೆಸರಿನ ಜೊತೆ ಜೀವಂತ ಚಿಪ್ಪುಗಳನ್ನೂ ಲಾರಿಗೆ ಸುರಿಯುತ್ತದೆ. ಅದಕ್ಕೂ ಮುಂಚೆ ಅವನ್ನು ಹೆಕ್ಕಿ, ಯಂತ್ರ ಇಳಿಯದ ತೂಬಿನಾಚೆಯ ನೀರಿಗೆ ಸೇರಿಸುವುದು ಈಕೆ ತಾನಾಗಿಯೇ ಹಚ್ಚಿಕೊಂಡ ಕೆಲಸ. ಹನ್ನೊಂದು ವರ್ಷವಾಯಿತು. ಇಂದು ಕಾಲುಸೇತುವೆಯ ತಿರುವು. ಉಳಿದಿರುವ ಕೊನೆಯ ದೊಡ್ಡ ಗುಂಪು ಇಲ್ಲೇ ಇದೆ.

ಚಿಪ್ಪಿನೊಳಗಿನ ಮೆತ್ತನೆಯ ಜೀವ ನೀರು ಹೀರಿ, ಪಾಚಿ, ಕೊಳೆಯ ಕಣ ಸೋಸಿ, ತಿಳಿನೀರು ಹೊರಬಿಡುತ್ತದೆ. ದೊಡ್ಡದೊಂದು ದಿನಕ್ಕೆ ಎರಡು ಮೂರು ಕೊಡ ನೀರು ಸೋಸೀತು. ಕರೆಂಟು ಬೇಡ, ಉದ್ಘಾಟನೆ ಬೇಡ. ಇದನ್ನು ತೋರಿಸಲೆಂದೇ ಚಿಪ್ಪಕ್ಕ ಒಮ್ಮೆ ಎರಡು ಗಾಜಿನ ಭರಣಿಗಳಿಗೆ ಕದಡಿದ ನೀರು ತುಂಬಿ, ಒಂದಕ್ಕೆ ಮೂರು ಚಿಪ್ಪು ಬಿಟ್ಟು, ಕಾಲುವೆ ಕಚೇರಿಯ ಸಾಹೇಬರ ಮೇಜಿನ ಮೇಲಿಟ್ಟಳು. ಮಧ್ಯಾಹ್ನಕ್ಕೆ ಆ ಭರಣಿಯ ಮೂಲಕ ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದಿತ್ತು. ಸಾಹೇಬರು ಅಂದದ್ದು, "ಮೇಜು ಒದ್ದೆಯಾಯ್ತಲ್ಲಮ್ಮ." ಅಷ್ಟೇ! ಹೂಳೆತ್ತುವ ಕಾಮಗಾರಿಯ ಪಟ್ಟಿಯಲ್ಲಿ ತಪಾಸಣೆ ದಿನದ ಶಾಮಿಯಾನಕ್ಕೂ ಒಂದು ಸಾಲಿದೆ. ನೀರನ್ನು ನೀರಾಗಿ ಇಟ್ಟವರಿಗೆ ಅರ್ಧ ಸಾಲೂ ಇಲ್ಲ.

ತಪ್ಪು ಅವಳೂ ಮಾಡಿದ್ದಾಳೆ. ಮೊದಲ ವರ್ಷ ನಾನೂರು ಚಿಪ್ಪು ತಂದು ಮನೆಯ ತೊಟ್ಟಿಯಲ್ಲಿ ನಲ್ಲಿನೀರಿಗೆ ಹಾಕಿಟ್ಟಳು. "ಮಕ್ಕಳಿಗೆ ಕುಡಿಸೋ ನೀರಲ್ವಾ, ಇವಕ್ಕೂ ಒಳ್ಳೇದೇ ಅಂದ್ಕೊಂಡೆ. ಅದಕ್ಕೆ ಹಾಕೋ ಔಷಧಿ ಇವಕ್ಕೆ ವಿಷ ಅಂತ ಯಾರಿಗೆ ಗೊತ್ತಿತ್ತು? ಎರಡೇ ದಿನ, ಎಲ್ಲಾ ಸತ್ತೋದ್ವು. ವಾಸನೆಗೆ ನಮ್ಮ ನಾದಿನಿ ಒಂದು ವಾರ ಮನೆ ಕಡೆ ತಲೆ ಹಾಕಲಿಲ್ಲ. ಅದೊಂದೇ ಲಾಭ!" ಎಂದು ನಗುತ್ತಾಳೆ. ಆಮೇಲೆ ಮತ್ತೆ ಕೆಸರಿಗೆ ಕೈ ಇಳಿಸುತ್ತಾಳೆ.

ಎಂಟಾಯಿತು. ಯಂತ್ರ ದಡಕ್ಕೆ ಬಂದು ನಿಂತಿದೆ. ಇನ್ನೂ ಎರಡು ಮಾರು ಜಾಗ ಬಾಕಿ.

"ಅಕ್ಕಾ, ಮೇಲೆ ಬಾ. ಸಾಹೇಬ್ರು ಬೈತಾರೆ," ಚಾಲಕ ಕೂಗುತ್ತಾನೆ.

"ಬೈಸ್ಕೋ. ನಿನ್ನ ಹೆಂಡ್ತಿ ಹತ್ರ ಅಭ್ಯಾಸ ಆಗಿಲ್ವಾ?"

ಅವನು ಅವಳ ಕೈಯನ್ನೇ ನೋಡುತ್ತಾನೆ. ಆಮೇಲೆ ಎಂಜಿನ್ ಆರಿಸುತ್ತಾನೆ. "ಬಿಸಿಯಾಗಿದೆ ಅಂತ ಹೇಳ್ತೀನಿ. ಅರ್ಧ ಗಂಟೆ, ಅಷ್ಟೇ!"

"ಈಗ ತಾನೇ ಶುರು ಮಾಡಿದ ಎಂಜಿನ್ನು!" ಚಿಪ್ಪಕ್ಕ ಕೆಸರಿನಲ್ಲೇ ಕಿಸಕ್ಕನೆ ನಗುತ್ತಾಳೆ.

ಅರ್ಧ ಗಂಟೆ ಸಾಕಾಯಿತು. ಇಂದಿನ ಲೆಕ್ಕ ಆರುನೂರ ಹನ್ನೆರಡು. ತೂಬಿನಾಚೆ ಸೊಂಟಮಟ್ಟದ ನೀರಿಗಿಳಿದು ಒಂದೊಂದನ್ನೇ ನೆಡುತ್ತಾಳೆ, ಪಾಚಿ ಹತ್ತಿದ ತುದಿ ಮೇಲಕ್ಕೆ. "ತಲೆಕೆಳಗೆ ನೆಟ್ರೆ ಉಸಿರು ಕಟ್ಟುತ್ತೆ." ಕೊನೆಯದನ್ನು ದಡದ ಅಂಚಿನ ತಿಳಿನೀರಿನಲ್ಲಿ ನೆಟ್ಟು, ಪಕ್ಕದಲ್ಲೇ ಕೂರುತ್ತಾಳೆ. ಒಂದಾದರೂ ಬಾಯಿ ತೆರೆದು ನೀರು ಹೀರತೊಡಗಿದ್ದು ಕಾಣದೆ ಮನೆಗೆ ಹೋದರೆ ಅವಳಿಗೆ ಊಟ ಸೇರುವುದಿಲ್ಲ.

"ನನ್ನ ಫೋಟೋ ಬೇಡಪ್ಪ," ಎಂದು ಪತ್ರಿಕೆಗೆ ಬರೆಯಲು ಬಂದವನಿಗೆ ಹೇಳುತ್ತಾಳೆ. "ಆ ಕಾಮಗಾರಿ ಪಟ್ಟೀಲಿ ಒಂದು ಸಾಲು ಸೇರಿಸ್ಲಿ ಅಂತ ಬರಿ: ಹೂಳೆತ್ತೋ ಮುಂಚೆ ಚಿಪ್ಪು ಎತ್ತಬೇಕು ಅಂತ. ನನ್ನ ಮಂಡಿ ಕೈಕೊಟ್ಟ ವರ್ಷಾನೂ ಯಾರಾದ್ರೂ ಎತ್ತಲಿ."

ನೀರಿನಡಿ ಆ ಚಿಪ್ಪು ಕೂದಲೆಳೆಯಷ್ಟು ತೆರೆಯುತ್ತದೆ. ಇನ್ನೊಂದಿಷ್ಟು.

"ಹಾಂ, ಡ್ಯೂಟಿಗೆ ಸೇರ್ಕೊಂಡ್ಳು," ಎಂದು ಚಿಪ್ಪಕ್ಕ ಒದ್ದೆ ಚೀಲ ಹಿಂಡಿಕೊಂಡು ಎದ್ದು ನಿಲ್ಲುತ್ತಾಳೆ.