ಗಾಲಿ, ಬೆಲ್ಟ್, ನೇರ

ಹಳೆಯ ರೆಕಾರ್ಡ್ ಪ್ಲೇಯರುಗಳನ್ನು ರಿಪೇರಿ ಮಾಡಿ ಮಾರುವ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಮೂವತ್ತೊಂದು ವರ್ಷ ಒಂದೇ ಬೆಂಚಿನ ಮುಂದೆ ಕೂತ. ಬಂದವರೆಲ್ಲ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಯಾವ ಪ್ಲೇಯರು ಹಾಡಿದರೂ ಕಣ್ಣು ಮುಚ್ಚಿಕೊಂಡು, ಅದರ ತಟ್ಟೆಯನ್ನು ತಿರುಗಿಸುತ್ತಿರುವುದು ಏನೆಂದು ಹೇಳಿಬಿಡುತ್ತಿದ್ದ. ತಿರುಗಿಸುವ ಬಗೆ ಮೂರು. ತೀರ ಹಳೆಯವುಗಳಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ಒಂದು ರಬ್ಬರ್ ಗಾಲಿ ಒತ್ತಿಕೊಂಡು ಉರುಳುತ್ತದೆ. ಕೆಲವುಗಳಲ್ಲಿ ಬೆಲ್ಟ್ ಎಳೆಯುತ್ತದೆ. ಇನ್ನು ಕೆಲವುಗಳಲ್ಲಿ ತಟ್ಟೆ ಮೋಟಾರಿನ ನೆತ್ತಿಯ ಮೇಲೆ ನೇರವಾಗಿ ಕೂತಿರುತ್ತದೆ.

"ಗಾಲಿಯದು ಎತ್ತು ಇದ್ದ ಹಾಗೆ. ಏದುಸಿರು ಕೇಳಿಸುತ್ತೆ, ಆದರೆ ಎಂಥ ಭಾರ ಬಂದರೂ ಹೆಜ್ಜೆ ತಪ್ಪಲ್ಲ," ಎನ್ನುತ್ತಿದ್ದ. "ಬೆಲ್ಟಿನದು ಹೊಸದಾಗಿ ಮದುವೆಯಾದ ಗಂಡ. ಸದ್ದೇ ಇಲ್ಲ, ಭಾರ ಬಿದ್ದರೆ ಮಾತ್ರ ಸ್ವಲ್ಪ ಜೋಲುತ್ತೆ. ನೇರದ್ದು ಕಚೇರಿ ಗಡಿಯಾರ. ತಪ್ಪೂ ಇಲ್ಲ, ಪ್ರಾಣವೂ ಇಲ್ಲ."

ಜನ ನಗುತ್ತಿದ್ದರು. ನಗು ಇಳಿಯುವ ಮೊದಲೇ ಅವನು ಹೆಂಡತಿಯನ್ನು ಕರೆಯುತ್ತಿದ್ದ. ಮಧ್ಯಾಹ್ನದ ಊಟದ ಡಬ್ಬಿ ತಂದವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. "ಹೇಳೇ, ಈಗ ಓಡ್ತಿರೋದು ಯಾವುದು?" ಅವಳು ನೆಲ ನೋಡುತ್ತ "ಬೆಲ್ಟಾ?" ಎಂದರೆ, "ನೋಡಿದಿರಾ? ನನ್ನ ಪುಣ್ಯಕ್ಕೆ ಎರಡು ಕಿವಿ ಸಿಕ್ಕಿವೆ, ಇವಳಿಗೆ ಓಲೆ ನೇತುಹಾಕೋಕೆ ಎರಡು ತೂತು," ಎನ್ನುತ್ತಿದ್ದ. ಗಿರಾಕಿಗಳು ಇನ್ನಷ್ಟು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಗದೆ ಇದ್ದರೆ ಅದಕ್ಕೂ ಒಂದು ಮಾತಿರುತ್ತಿತ್ತು.

ಅಂಗಡಿಯ ಗಾಲಿಗಳನ್ನೆಲ್ಲ ಮನೆಯಲ್ಲಿ ಅವಳೇ ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು. ಗಟ್ಟಿಯಾದ ರಬ್ಬರನ್ನು ಸಣ್ಣ ಮರಳುಕಾಗದದಲ್ಲಿ ಉಜ್ಜುತ್ತಿದ್ದಳು, ಬೆಲ್ಟುಗಳಿಗೆ ಪೌಡರು ಸವರುತ್ತಿದ್ದಳು. ಅವಳ ಬೆರಳ ತುದಿಗಳು ನೀರಲ್ಲಿ ನೆನೆದವರ ಬೆರಳಿನಂತೆ ಸದಾ ಬೆಳ್ಳಗಿರುತ್ತಿದ್ದವು. ರಿಪೇರಿಯಾದದ್ದನ್ನು ಊಟದ ಮೇಜಿನ ಮೇಲಿಟ್ಟು ಓಡಿಸಿ ನೋಡುವುದೂ ಅವಳ ಕೆಲಸವೇ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಅವನಿಗೆ ಅನ್ನಿಸಿಯೂ ಇರಲಿಲ್ಲ.

ಅರವತ್ತೆರಡು ತುಂಬುವ ಹೊತ್ತಿಗೆ ಅವನ ಎಡಗಿವಿ ಸತ್ತಿತು. ಬಲಗಿವಿಯೊಳಗೆ ಒಂದು ಜೀರುಂಡೆ ಬಂದು ಕೂತಿತು. ಹಗಲಿರುಳು ಒಂದೇ ಶ್ರುತಿ. ಆ ಶ್ರುತಿಯ ಅಡಿಯಲ್ಲಿ ಗಾಲಿಯ ಏದುಸಿರು ಮುಳುಗಿಹೋಯಿತು. ಅವನು ಯಾರಿಗೂ ಬಾಯಿ ಬಿಡಲಿಲ್ಲ. ಆದರೆ ಅವನು ಸರಿಮಾಡಿ, ಮನೆಗೆ ತರದೆ ಅಂಗಡಿಯಿಂದಲೇ ಕಳಿಸಿದ ಒಂದು ಪ್ಲೇಯರು ವಾಪಸು ಬಂತು: ಗಾಲಿಯ ಒಂದು ಕಡೆ ಚಪ್ಪಟೆಯಾಗಿ ಸುತ್ತಿಗೊಮ್ಮೆ ಢಬ್ ಎನ್ನುತ್ತಿದೆಯಂತೆ. ಇನ್ನೊಂದು ವಾರಕ್ಕೆ ಮತ್ತೊಂದು ಬಂತು.

ಅಂಗಡಿ ಅವನ ಭಾಮೈದನದು. ಹೆಂಡತಿಗಿಂತ ಹತ್ತು ವರ್ಷ ಚಿಕ್ಕವನು, ಜೇನಿನಂಥ ಮಾತಿನವನು.

"ಭಾವ, ಜನ ಏನೇನೋ ಆಡ್ಕೊಳ್ತಿದಾರೆ," ಎಂದ ಅವನು. "ನನಗೆ ಕೇಳೋಕಾಗ್ತಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೆದುರಿಗೆ ಒಂದು ಆಟ ಇಡೋಣ. ಪರದೆ ಹಿಂದೆ ಮೂರು ಪ್ಲೇಯರು, ಮೂರು ಸಲ ಅದೇ ರೆಕಾರ್ಡು. ನೀವು ಹೇಳಿ. ಸರಿ ಹೇಳಿದ್ರೆ ಉಸಿರಿರೋ ತನಕ ಬೆಂಚು ನಿಮ್ಮದು."

"ತಪ್ಪಿದ್ರೆ?"

"ನಿಮಗೆ ತಪ್ಪುತ್ತಾ ಭಾವ? ತಪ್ಪಿದ್ರೆ ಮನೇಲಿ ಆರಾಮಾಗಿ ಕಾಲು ಚಾಚ್ಕೊಂಡಿರಿ, ಅಷ್ಟೇ."

"ಪರದೆ ಹಿಂದೆ ಯಾರು?"

"ಅಕ್ಕ. ಗಾಲಿಗೂ ಗಾಳಿಗೂ ವ್ಯತ್ಯಾಸ ಗೊತ್ತಿಲ್ಲದೋಳು ಅವಳೊಬ್ಬಳೇ. ನೀವೇ ಹೇಳ್ತಿರ್ತೀರಲ್ಲ."

ಆ ವಾರವೆಲ್ಲ ಅವನು ಅನ್ನ ಕಲಸಿ ಕಲಸಿ ತಟ್ಟೆಯಲ್ಲೇ ಬಿಟ್ಟು ಎದ್ದ. ಶನಿವಾರ ಹೆಂಡತಿ ತಾನಾಗಿಯೇ ಮಾತು ತೆಗೆದಳು.

"ಪರದೆ ಮೋಟು. ಕೆಳಗೆ ನನ್ನ ಕಾಲು ಕಾಣುತ್ತೆ. ಗಾಲಿಯದಾದ್ರೆ ಬಲಗಾಲು ಮುಂದಿಡ್ತೀನಿ, ನೇರದ್ದಾದ್ರೆ ಎಡಗಾಲು. ಬೆಲ್ಟಿನದಾದ್ರೆ ಎರಡೂ ಜೋಡಿಸಿ ನಿಲ್ತೀನಿ."

"ಅಯ್ಯೋ ಮಂಕೇ, ಮೂರೂ ಒಂದೇ ಥರದ ಪೆಟ್ಟಿಗೆ. ಯಾವುದು ಯಾವುದೂಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಕೈಗೆ ಗೊತ್ತಾಗುತ್ತೆ. ತಟ್ಟೆ ಹೊರಡೋವಾಗ."

ಅವನು ಗೋಡೆಯ ಕಡೆ ಹೊರಳಿಕೊಂಡ. "ಎಡ ಬಲ ಮರೀಬೇಡ ಮತ್ತೆ," ಎಂದ. ಅವಳಿಗೆ ಅದೇ ಒಪ್ಪಿಗೆ.

ಭಾನುವಾರ ಹತ್ತು ಗಂಟೆಗೆ ಅಂಗಡಿಯಲ್ಲಿ ಎಂಟು ಜನ ಸೇರಿದ್ದರು. ಮುಂದಿನ ಕುರ್ಚಿಯಲ್ಲಿ ಹಲ್ಲಿನ ಡಾಕ್ಟರು. ಕಿವಿಯಣ್ಣ ಹೂಂ ಎನ್ನದೆ ಅವರು ತಮ್ಮ ಪ್ಲೇಯರಿಗೆ ಒಂದು ಸೂಜಿಯನ್ನೂ ಕೊಂಡವರಲ್ಲ. ಭಾಮೈದ ಅಕ್ಕನ ಕೈಗೆ ಮಡಿಸಿದ ಚೀಟಿಯೊಂದನ್ನು ಕೊಟ್ಟು, "ಒಳಗೆ ಹೋಗಿ ಓದ್ಕೋ, ಹಾಗೇ ಹಾಕು," ಎಂದ. ಕಿವಿಯಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುವಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ.

ನಿಧಾನವಾದ ಪಿಯಾನೋ. ಅವನ ತಲೆಯೊಳಗೆ ಜೀರುಂಡೆ ಅದರ ಮೇಲೆಲ್ಲ ಹರಿದಾಡಿತು. ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿಯಿಂದ ಪರದೆಯ ಅಂಚನ್ನು ನೋಡಿದ. ಎರಡು ಪಾದಗಳು ಜೋಡಿಯಾಗಿದ್ದವು.

"ಬೆಲ್ಟು," ಎಂದ. "ಮೂರನೇ ಸ್ವರ ಎಳೆದಾಗ ಜೋಲಿತಲ್ಲ, ಕೇಳಿಸ್ಲಿಲ್ವಾ ಡಾಕ್ಟ್ರೇ?"

ಡಾಕ್ಟರು ತಲೆಯಾಡಿಸಿದರು.

ಎರಡನೆಯ ಸಲ ಅದೇ ಪಿಯಾನೋ. ಪರದೆಯ ಕೆಳಗೆ ಪಾದಗಳು ಹಾಗೆಯೇ ಜೋಡಿಯಾಗಿದ್ದವು. ಅವನು ಕಾದ. ಅವು ಕದಲಲಿಲ್ಲ. ಮರೆತಳು, ಎಂದುಕೊಂಡ; ಮರೆತು ಕಂಬವಾಗಿ ನಿಂತಿದ್ದಾಳೆ. ಎಂಟು ಜನರ ಹದಿನಾರು ಕಣ್ಣು ಅವನ ಮುಖದ ಮೇಲಿದ್ದವು.

"ಗಾಲಿ," ಎಂದ, ತುಸು ಜೋರಾಗಿಯೇ. "ಎತ್ತು ಬಂತು ನೋಡಿ. ಏದುಸಿರು ಇಲ್ಲಿಗೇ ತಾಗ್ತಿದೆ."

ಯಾರೋ "ಆಹಾ" ಎಂದರು. ಭಾಮೈದ ಕೈಕಟ್ಟಿ ನಿಂತಿದ್ದ.

ಮೂರನೆಯ ಸಲ ಪಾದಗಳು ಎಷ್ಟು ಬಿಗಿಯಾಗಿ ಕೂಡಿಕೊಂಡಿದ್ದವೆಂದರೆ ಹಿಮ್ಮಡಿಗಳ ಅಂಚು ಬಿಳಿಚಿತ್ತು. ಕಾಲುಬೆರಳುಗಳು ನೆಲವನ್ನು ಒತ್ತಿ ಒತ್ತಿ ಬಿಡುತ್ತಿದ್ದವು. ಅವನು ಆ ಕಡೆ ನೋಡಲೂ ಇಲ್ಲ. ಉಳಿದದ್ದು ಒಂದೇ ಅಲ್ಲವೆ?

"ನೇರದ್ದು. ಕಚೇರಿ ಗಡಿಯಾರ."

ಭಾಮೈದ ಹೋಗಿ ಪರದೆಯನ್ನು ಒಂದೇ ಎಳೆತಕ್ಕೆ ಸರಿಸಿದ. ಮೂರು ಪೆಟ್ಟಿಗೆಗಳಲ್ಲಿ ನಡುವಿನದರ ಮುಚ್ಚಳ ಮಾತ್ರ ತೆರೆದಿತ್ತು. ಉಳಿದ ಎರಡರ ಮೇಲೆ ಧೂಳು ಹಾಗೆಯೇ ಇತ್ತು. ಅಕ್ಕನ ಕೈಯಿಂದ ಚೀಟಿ ತೆಗೆದುಕೊಂಡು ಅವನು ಎಲ್ಲರಿಗೂ ಕೇಳುವಂತೆ ಓದಿದ: "ಮೂರು ಸಲವೂ ನಡುವಿನದೇ."

ಹಿಂದಿನ ಸಾಲಿನಿಂದ ಒಬ್ಬ, "ಎತ್ತಿಗೇ ಬೆಲ್ಟು ಕಟ್ಟಿದ್ರಲ್ಲ ಕಿವಿಯಣ್ಣ!" ಎಂದ. ಅಂಗಡಿಯೆಲ್ಲ ಹೋ ಎಂದು ನಕ್ಕಿತು. ಡಾಕ್ಟರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಅವರ ಭುಜಗಳು ಮಾತ್ರ ಅಲುಗುತ್ತಿದ್ದವು.

ಕಿವಿಯಣ್ಣ ಎದ್ದು ಹೆಂಡತಿಯ ಮುಂದೆ ಹೋಗಿ ನಿಂತ. ಎಲ್ಲರೂ ಇದ್ದಾರೆಂಬುದನ್ನೂ ಮರೆತ.

"ಯಾಕೆ ಹೇಳ್ಲಿಲ್ಲ?"

"ಹೇಳಿದೆ. ಮೂರು ಸಲ ಹೇಳಿದೆ," ಎಂದಳು ಅವಳು.

ನಗು ನಿಂತಿತು. ಒಬ್ಬೊಬ್ಬರಾಗಿ ಅವರ ಕಣ್ಣು ಪರದೆಯ ಅಂಚಿಗೆ, ಅಲ್ಲಿಂದ ಅವಳ ಪಾದಗಳಿಗೆ ಇಳಿಯಿತು. ಅರ್ಥವಾಗುತ್ತಿದ್ದಂತೆ ಮತ್ತೆ ನಗು ಎದ್ದಿತು. ಈ ಸಲದ್ದು ಮೆಲ್ಲನೆಯ ನಗು. ಸತ್ತವರ ಮನೆಯಲ್ಲಿ ತಡೆಯಲಾರದೆ ಬರುತ್ತದಲ್ಲ, ಅಂಥದು.

"ಸೋಮವಾರದಿಂದ ಬರೋ ಶ್ರಮ ಬೇಡ ಭಾವ," ಎಂದ ಭಾಮೈದ, ಅವನ ಬಲಗಿವಿಯ ಹತ್ತಿರ ಬಾಗಿ, ಮಗುವಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ.

ಕಿವಿಯಣ್ಣ ಬೆಂಚಿನ ಕಡೆ ಹೊರಟ. ಸ್ಕ್ರೂಡ್ರೈವರುಗಳು, ಭೂತಗನ್ನಡಿ, ಎಣ್ಣೆಯ ಪುಟ್ಟ ಕುಪ್ಪಿ ಎಲ್ಲವೂ ಅಂಗಡಿಯವು. ಕೊಕ್ಕೆಯಲ್ಲಿದ್ದ ಕೋಟು ಒಂದೇ ಅವನದು. ಅದನ್ನು ತೋಳಿನ ಮೇಲೆ ಹಾಕಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಹೆಂಡತಿ ಹಿಂದೆಯೇ ಬರುತ್ತಾಳೆಂದುಕೊಂಡಿದ್ದ.

ಅವಳು ಬರಲಿಲ್ಲ. ಡಾಕ್ಟರು ಬಾಗಿಲಿಗೆ ಅಡ್ಡ ನಿಂತು ಕೇಳುತ್ತಿದ್ದರು: "ಅಮ್ಮಾ, ಒಂದೇ ಥರದ ಪೆಟ್ಟಿಗೇಲಿ ಬೆಲ್ಟು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಬೆರಳು ಇಟ್ಟಿದ್ದೆ. ಬೆಲ್ಟಿನ ತಟ್ಟೆ ತಕ್ಷಣ ಹೊರಡಲ್ಲ, ಸ್ವಲ್ಪ ಯೋಚ್ನೆ ಮಾಡುತ್ತೆ," ಎಂದಳು.

"ಬನ್ನಿ, ಉಳಿದೆರಡನ್ನೂ ತೋರಿಸಿ."

ಅವಳು ಬಾಗಿಲ ಗಾಜಿನಾಚೆ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ನಡೆದಳು.

ಅವನು ಗಾಜಿಗೆ ಮುಖವೊತ್ತಿ ನೋಡಿದ. ಧೂಳು ಹಿಡಿದ ಮುಚ್ಚಳಗಳು ತೆರೆದುಕೊಂಡವು. ಅವಳ ಬಿಳಿ ಬೆರಳು ಒಂದು ತಟ್ಟೆಯ ಅಂಚಿನಲ್ಲಿ ನಿಂತಿತು. ಅವಳ ತುಟಿ ಆಡುತ್ತಿತ್ತು. ಎಂಟು ತಲೆಗಳು ಅವಳ ಕಡೆಗೆ ಬಾಗಿದ್ದವು, ಯಾರೂ ನಗುತ್ತಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ಲು ನಿಲ್ಲಿಸಿ, "ಏನು ಕಿವಿಯಣ್ಣ, ಹೊರಗೆ ಕೂತಿದೀರಿ? ಒಳಗೆ ಏನು ನಡೀತಿದೆ?" ಎಂದು ಎರಡು ಸಲ ಕೇಳಬೇಕಾಯಿತು.

"ನಮ್ಮೋಳು ಏನೋ ಹೇಳ್ತಿದಾಳೆ," ಎಂದ ಕಿವಿಯಣ್ಣ, ಗಾಜಿನಿಂದ ಕಣ್ಣು ತೆಗೆಯದೆ. "ಎಲ್ಲಾ ತಪ್ಪು."