ಉರುಕುಂದಮ್ಮನ ಕುರ್ಚಿಯಲ್ಲಿ ಕೂತು

ನಾನು ಕಳ್ಳ ಸಹಿ ಹಾಕಿದ್ದೇನೆ. ಅದೂ ಒಂದಲ್ಲ, ಮೂರು. ಇಪ್ಪತ್ತಾರು ವರ್ಷದಿಂದ ಆಂಧ್ರದ ಗಡಿಯ ಆಲೂರಿನಲ್ಲಿ ಕನ್ನಡ ಟೀಚರಾಗಿದ್ದು, ಪ್ರೋಗ್ರೆಸ್ ಕಾರ್ಡಿನ ಮೇಲೆ ಅಪ್ಪನ ಹೆಸರನ್ನು ತಾವೇ ಗೀಚಿಕೊಂಡು ಬಂದ ಮಕ್ಕಳನ್ನು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಕೊಂಬಿನ ಬಾಲ ನೋಡಿದರೆ ಸಾಕು, ಅಪ್ಪ ಬರೆದದ್ದೋ ಮಗಳು ಬರೆದದ್ದೋ ಹೇಳಿಬಿಡುತ್ತೇನೆ. ಅಂಥವಳು ಹಾಡಹಗಲು, ಆದೋನಿಯ ಫಂಕ್ಷನ್ ಹಾಲಿನಲ್ಲಿ, ನೂರಾರು ಜನರ ನಡುವೆ ಇನ್ನೊಬ್ಬರ ಹೆಸರು ಬರೆದು ಕೊಟ್ಟೆ. ಬರೆದ ಅಕ್ಷರ ದುಂಡಗೇ ಬಂತು ಅನ್ನುವುದು ಅದಕ್ಕಿಂತ ನಾಚಿಕೆಯ ಸಂಗತಿ.

ಅದಕ್ಕೆ ಕಾರಣ ಒಬ್ಬ ಕ್ರಿಕೆಟ್ ಆಟಗಾರ. ಹೆಸರು ಬೇಡ. ನಾನು ಕಾಲೇಜಿನಲ್ಲಿದ್ದಾಗ ಅವನ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ವ್ಯಾಕರಣದ ಪುಸ್ತಕದಲ್ಲಿ, ಸಮಾಸ ಪ್ರಕರಣದ ಹತ್ತಿರ ಇಟ್ಟುಕೊಂಡಿದ್ದೆ. ಬಹುವ್ರೀಹಿ ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಆದೋನಿಯ ಹತ್ತಿ ಮಿಲ್ಲಿನ ಒಬ್ಬ ಸಾಹುಕಾರರಿಗೆ ಆಟಗಾರರ ಬ್ಯಾಟು, ಬೂಟು, ಸಹಿ ಕೂಡಿಡುವ ಹುಚ್ಚು. ಅವರು ಎಲ್ಲೆಲ್ಲಿಯೋ ಇರುವ ತಮ್ಮಂಥ ಹುಚ್ಚರನ್ನೆಲ್ಲ ಕರೆಸಿ ಎರಡು ದಿನದ ದೊಡ್ಡ ಪ್ರದರ್ಶನ ಇಟ್ಟಿದ್ದಾರೆ, ಅದಕ್ಕೆ ಆ ಆಟಗಾರ ಬರುತ್ತಾನೆ, ಸಹಿ ಹಾಕಿ ಕೊಡುತ್ತಾನೆ ಎಂದು ಗೊತ್ತಾದಾಗ ನಾನು ಮನೆಯಲ್ಲಿ ಸುದ್ದಿಯನ್ನು ಬಹಳ ಸಹಜವಾಗಿ ಹೇಳಲು ನೋಡಿದೆ. ನನ್ನವರು ಪೇಪರಿನಿಂದ ತಲೆ ಎತ್ತದೆ, "ಹೋಗಿ ಬಾ. ಅವಂಗೂ ತಲಿಗೂದಲ ಉದುರ್ಯಾವ, ನೋಡಿದರ ನಿನಗ ಸಮಾಧಾನ ಆಗ್ತೈತಿ" ಅಂದರು.

ಹಾಲಿನೊಳಗೆ ಕಾಲಿಟ್ಟಾಗ ನನಗೆ ಅನ್ನಿಸಿದ್ದು, ಮನುಷ್ಯ ಏನನ್ನು ಬೇಕಾದರೂ ಕೂಡಿಡುತ್ತಾನೆ ಎಂದು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಹರಿದ ಕೈಗವಸು. ಇನ್ನೊಂದರಲ್ಲಿ ಯಾವುದೋ ಫುಟ್‌ಬಾಲ್ ಮೈದಾನದ ಒಣಗಿದ ಹುಲ್ಲು. ಹಾಕಿ ಕೋಲುಗಳನ್ನು ಕಬ್ಬಿನ ಜಲ್ಲೆಗಳಂತೆ ಗೋಡೆಗೆ ಒರಗಿಸಿದ್ದರು. ಬೆವರಿನ ಕಲೆ ಇದ್ದ ಒಂದು ಅಂಗಿಯ ಮುಂದೆ ದೊಡ್ಡ ಗುಂಪು ನಿಂತು ಆ ಕಲೆಯನ್ನೇ ನೋಡುತ್ತಿತ್ತು. ನಾನು ಮನೆಯಲ್ಲಿ ಅದೇ ಕಲೆಯನ್ನು ವಾರಕ್ಕೆ ಎರಡು ಸಲ ತಿಕ್ಕಿ ತೊಳೆಯುತ್ತೇನೆ. ಆದರೂ ನಗಲು ಮನಸ್ಸು ಬರಲಿಲ್ಲ. ನಾನು ಬಂದದ್ದೂ ಮತ್ತೇನಕ್ಕೆ?

ಕ್ರಿಕೆಟ್ಟಿನವನ ಸಾಲು ಹಾಲನ್ನು ಸುತ್ತಿ ಅಡಿಗೆಮನೆಯ ಬಾಗಿಲ ತನಕ ಹೋಗಿತ್ತು. ನನ್ನ ಟೋಕನ್ನಿನ ಸರದಿ ಬರಲು ಇನ್ನೂ ತಾಸು ಬೇಕಿತ್ತು. ನಾನು ನಿಂತ ಜಾಗದ ಪಕ್ಕದಲ್ಲೇ ಬಿಳಿ ಬಟ್ಟೆ ಹಾಸಿದ ಮೇಜು ಇತ್ತು. ಮೇಲೆ ಹೂವಿನ ಗುಚ್ಛ, ನೀರಿನ ಬಾಟಲಿ, ಮುಚ್ಚಳ ತೆಗೆಯದ ಎರಡು ಮಾರ್ಕರ್ ಪೆನ್ನು, ಒಂದು ಹಲಗೆ: "ಶ್ರೀಮತಿ ಉರುಕುಂದಮ್ಮ, ಗುಂಡು ಎಸೆತ, ಹಾಲಹರವಿ". ನಮ್ಮ ಕಡೆಯ ಹಳೆಯ ಆಟಗಾರರನ್ನೂ ಗೌರವಿಸಬೇಕೆಂದು ಸಾಹುಕಾರರು ಇಟ್ಟ ಮೇಜು ಅದು. ಹಿಂದಿನ ಕುರ್ಚಿಯಲ್ಲಿ ಅರವತ್ತು ದಾಟಿದ ತೆಳ್ಳನೆಯ ಹೆಂಗಸು, ಇಳಕಲ್ ಸೀರೆ ಉಟ್ಟು, ಕೈಗಳನ್ನು ಮೇಜಿನ ಮೇಲೆ ಜೋಡಿಸಿ ಕೂತಿದ್ದರು. ಅವರ ಮುಂದೆ ಒಬ್ಬರೂ ಇರಲಿಲ್ಲ. ನಮ್ಮ ಸಾಲು ಅವರಿಗೆ ಬೆನ್ನು ಹಾಕಿ ನಿಂತಿತ್ತು.

ನನಗೆ ಸಂಕಟವಾಯಿತು. ಏನಾದರೂ ಮಾತಾಡಿಸೋಣವೆಂದು ತಿರುಗಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದರು. "ಟೀಚರಮ್ಮ ಅಲ್ಲೇನ್ರಿ ನೀವು? ಫೋನಿನ್ಯಾಗ ಕನ್ನಡದ ಕ್ಲಾಸಿನ ಮಾತು ಆಡಿದ್ದು ಕೇಳಿದೆ. ನನ್ನದೊಂದು ಕೆಲಸ ಐತಿ, ಮಾಡ್ತೀರೇನು?"

"ಹೇಳ್ರಿ ಅಕ್ಕಾರ."

"ಈ ಕುರ್ಚಿ ಮ್ಯಾಲ ಸ್ವಲ್ಪ ಕುಂದರ್ರಿ. ನಾನು ಆ ಕ್ರಿಕೆಟ್ಟಿನಾಂವನ ಸಹಿ ತಗೊಂಡು ಬರ್ತೀನಿ. ಗೆಸ್ಟ್ ಅಂತ ಕುಂದ್ರಿಸ್ಯಾರ, ಬಿಟ್ಟು ಎದ್ದರ ಮರ್ಯಾದಿ ಇರಂಗಿಲ್ಲ. ಅವನ ಒಂದು ಮ್ಯಾಚ್ ಬಿಟ್ಟಿಲ್ಲ ನೋಡ್ರಿ ನಾನು. ಹಾಸ್ಟೆಲ್‌ನ್ಯಾಗ ಅಟೆಂಡರ್ ಇದ್ದಾಗ ಹುಡಿಗ್ಯಾರ ಅನ್ನ ಸೀಯಿಸಿ ನೋಡೀನಿ."

ಯಾರೂ ತಮ್ಮ ಸಹಿ ಕೇಳಲಿಲ್ಲವೆಂದು ಈಕೆ ಕೊರಗುತ್ತಿದ್ದಾರೆಂದು ನಾನು ಕರಗಿಹೋಗಿದ್ದರೆ, ಈಕೆಗೆ ಇದ್ದದ್ದು ನನ್ನದೇ ಕಾಯಿಲೆ! ನಾನು ಸೋತೆ. ಟೋಕನ್ ಅವರ ಕೈಗೆ ಕೊಟ್ಟೆ. ಕೊಡುವಾಗ ವ್ಯಾಕರಣದ ಪುಸ್ತಕ ನೆನಪಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನಾನು ಕುರ್ಚಿಯಲ್ಲಿ ಕೂತರೆ ಕುರ್ಚಿ ಕಾಣಿಸುವುದಿಲ್ಲ. ಈ ಮಾತು ಇಲ್ಲಿ ಅಗತ್ಯ, ಯಾಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ತೆಳ್ಳಗಿನ ಉರುಕುಂದಮ್ಮ ಹಲಗೆಯ ಹಿಂದೆ ಕೂತಾಗ ನಂಬದ ಜನ, ನನ್ನ ಗಾತ್ರ, ನನ್ನ ತೋಳು ನೋಡಿ ಕೂಡಲೇ ನಂಬಿದರು. ಗುಂಡು ಎಸೆದವರು ಹೀಗಲ್ಲದೆ ಇನ್ನು ಹೇಗಿರುತ್ತಾರೆ? ಐದು ನಿಮಿಷದಲ್ಲಿ ಇಬ್ಬರು ಹುಡುಗಿಯರು ಬಂದು, "ಅಮ್ಮಾ, ಆಟೋಗ್ರಾಫ್" ಎಂದು ನೋಟ್‌ಬುಕ್ ಚಾಚಿದರು.

"ನಾನಲ್ಲಮ್ಮ" ಅಂದೆ. ಅವರು ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಗೌರವದಿಂದ ನೋಡಿದರು. ನಿಜ ಹೇಳಬೇಕೆಂದರೆ, "ಅವರು ಕ್ರಿಕೆಟ್ಟಿನವನ ಸಾಲಿನಲ್ಲಿ ನಿಂತಿದ್ದಾರೆ" ಎನ್ನಬೇಕಿತ್ತು. ಹಾಗಂದರೆ ಅವರ ಮಾನ ಹೋಗುತ್ತದೆ. ಇದು ನಾನು ನನಗೆ ಕೊಟ್ಟುಕೊಂಡ ಕಾರಣ. ಅಸಲು ಕಾರಣ ಬೇರೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಸಹಿಯನ್ನು ಕೇಳಿದವರು ಸಂಬಳದ ಗುಮಾಸ್ತರೊಬ್ಬರೇ. ಇಬ್ಬರು ಮಕ್ಕಳು ಕಣ್ಣರಳಿಸಿ ನಿಂತದ್ದು ಹಿತವಾಗಿತ್ತು. ಬರೆದೆ. ಬೋರ್ಡಿನ ಮೇಲೆ ಬರೆಯುವ ದುಂಡನೆಯ ಅಕ್ಷರದಲ್ಲಿ, ಉರುಕುಂದಮ್ಮ.

ಸಹಿ ಎಂಬ ಮಾತಿನ ಬಗ್ಗೆ ನಾನು ಕ್ಲಾಸಿನಲ್ಲಿ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ. ನಮ್ಮ ಬೀದಿಯ ದಖನಿ ಉರ್ದು ಮಾತಿನಲ್ಲಿ ಸಹಿ ಅಂದರೆ ಸರಿ. ಋಜು ಅಂದರೆ ನೇರವಾದದ್ದು, ವಕ್ರವಿಲ್ಲದ್ದು. ಅದಕ್ಕೂ ನಾವು ಹಾಕುವ ರುಜುವಿಗೂ ನೆಂಟಸ್ತಿಕೆ ಇದೆಯೋ ಇಲ್ಲವೋ ಪಂಡಿತರು ಹೇಳಬೇಕು. ಹಳಗನ್ನಡದಲ್ಲಿ ಅದನ್ನು ಒಪ್ಪ ಅನ್ನುತ್ತಿದ್ದರು, ಒಪ್ಪಿದ್ದೇನೆ ಎನ್ನುವ ಅರ್ಥಕ್ಕಿರಬೇಕು. ಸರಿಯಾದದ್ದು, ನೇರವಾದದ್ದು, ಒಪ್ಪಿದ್ದು. ನನ್ನ ಕೈಯಲ್ಲಿದ್ದದ್ದು ಮೂರೂ ಅಲ್ಲ ಎಂದು ಹೊಳೆಯುವ ಹೊತ್ತಿಗೆ ಮೂರನೆಯವರು ಬಂದು ನಿಂತಿದ್ದರು.

ಗುಂತಕಲ್ಲಿನಿಂದ ಬಂದ ರೈಲ್ವೆಯ ನಿವೃತ್ತ ಗುಮಾಸ್ತರು. ಬಿಳಿ ಪ್ಯಾಂಟು, ಹೆಗಲಿಗೆ ಚೀಲ, ಎಲ್ಲದರಲ್ಲೂ ಅಚ್ಚುಕಟ್ಟು. ಪ್ಲಾಸ್ಟಿಕ್ ಹಾಳೆಯೊಳಗಿಂದ ಒಂದು ಕಪ್ಪು-ಬಿಳುಪು ಫೋಟೋ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟರು. ಒಬ್ಬ ಗಟ್ಟಿಮುಟ್ಟಾದ ಹುಡುಗಿ, ಕೈ ಮುಂದಕ್ಕೆ ಚಾಚಿದ್ದಾಳೆ, ಗುಂಡು ಗಾಳಿಯಲ್ಲಿದೆ. ಸಾಲಿನ ಗದ್ದಲ, ಹಿಂದಿನ ಇಬ್ಬರಿಗೆ ಸಹಿ ಹಾಕಿಕೊಟ್ಟಾಗಿತ್ತು, ಈಗ ಇಲ್ಲ ಅಂದರೆ ಆ ಕಳ್ಳತನವೂ ಬಯಲಾಗುತ್ತದೆ. ಮುಖದ ಮೇಲೆ ಬರೆಯಬಾರದೆಂದು ಕೆಳಗೆ ನೆಲದ ಭಾಗದಲ್ಲಿ ಉದ್ದಕ್ಕೆ ಬರೆದುಕೊಟ್ಟೆ.

ಅವರು ಸಹಿಯ ಮೇಲೆ ಮೆಲ್ಲಗೆ ಊದಿ ಆರಿಸಿದರು. ಆಮೇಲೆ ತೆಲುಗು ಕನ್ನಡ ಕಲಸಿದ ಮಾತಿನಲ್ಲಿ, "ಅಮ್ಮಾ, ದೊಡ್ಡವರ ಸಹಿ ಎಲ್ಲಾರೂ ಇಡ್ತಾರೆ. ನಾನು ನಮ್ಮ ಸೀಮೆಯೋರವು ಇಡ್ತೀನಿ. ಇಲ್ಲೇ ಒಂದು ಫೋಟೋ ಸ್ಟುಡಿಯೋ ಮುಚ್ಚಿದಾಗ ರದ್ದಿಯಲ್ಲಿ ಇದು ಸಿಕ್ಕಿತು. ಇದೊಂದೇ ಪ್ರಿಂಟು. ನಿಮ್ಮನ್ನು ಎಷ್ಟು ವರ್ಷ ಹುಡುಕಿದೆನೋ" ಅಂದರು. ಕಣ್ಣು ಒರೆಸಿಕೊಂಡು, ಕೈಮುಗಿದು ಹೊರಟುಹೋದರು.

ಉರುಕುಂದಮ್ಮ ಮದುವೆಮನೆಯಿಂದ ಬಂದವರ ಹಾಗೆ ಬಂದರು. ಆಮಂತ್ರಣ ಪತ್ರದ ಹಿಂದೆ ಕ್ರಿಕೆಟ್ಟಿನವನ ಸಹಿ. "ಹೆಸರು ಕೇಳಿದ, ಹೇಳಿದೆ. ಉರಕುಂದ ಅಂತ ತಪ್ಪು ಬರದಾನ. ಬರೀಲಿ ಬಿಡ್ರಿ, ನಕ್ಕೊಂತ ಬರದಾನ" ಅಂದರು. ನಾನು ನಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ, ಬೆಂಚಿನ ಮೇಲೆ ನಿಂತ ಮಕ್ಕಳು ಹೇಳುವ ಹಾಗೆ, ತಲೆ ತಗ್ಗಿಸಿ.

ಅವರು ಸಹಿಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಯಾವ ಫೋಟೋ?" ಅಂದರು.

"ನೀವು ಗುಂಡು ಎಸೆಯೋದು."

"ನಂದು ಹಂಥಾ ಫೋಟೋ ಇಲ್ಲಲ್ಲ ಟೀಚರಮ್ಮ. ಯಾರೂ ತೆಗದಿಲ್ಲ." ಅವರ ದನಿ ಬದಲಾಯಿತು. "ಯಾಕಡೆ ಹೋದ ಆ ಮನಶಾ?"

ಆಮೇಲೆ ನಾವಿಬ್ಬರೂ ಓಡಿದೆವು. ಅವರು ಓಡಿದರು, ನಾನು ಹಿಂದೆ ಉರುಳಿದೆ. ಗುಮಾಸ್ತರು ಹೊರಗೆ ಆಟೋ ಹತ್ತಲು ಒಂದು ಕಾಲು ಎತ್ತಿದ್ದರು. ಇಳಿಸಿ, ಮೆಟ್ಟಿಲ ಮೇಲೆ ಕೂರಿಸಿ, ಏದುಸಿರಿನಲ್ಲೇ ತಪ್ಪೊಪ್ಪಿಕೊಂಡೆ. ಅವರ ಮುಖ ಪೇಪರಿನಂತೆ ಬಿಳುಚಿತು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಫೋಟೋ ತೆಗೆದು ಉರುಕುಂದಮ್ಮನ ಕೈಗೆ ಕೊಟ್ಟರು.

ಆಕೆ ಬಹಳ ಹೊತ್ತು ನೋಡಿದರು. ತಮ್ಮ ಆ ತೋಳನ್ನು, ಎರಡು ಜಡೆಯನ್ನು, ಕಚ್ಚಿದ ಹಲ್ಲನ್ನು. ಆಮೇಲೆ ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ತಂದು ಕೇಳಿದರು. "ಕಾಲು ಎಲ್ಲೈತಿ?"

ಕಾಲಿನ ಮೇಲೆ ನನ್ನ ದುಂಡನೆಯ ಅಕ್ಷರ ಕೂತಿತ್ತು.

ಆಗ ಅವರು ಹೇಳಿದ್ದು ಇದು. ಅದು ಅವರ ಕೊನೆಯ ಎಸೆತ. ಎಲ್ಲರಿಗಿಂತ ದೂರ ಹೋಗಿತ್ತು, ಗೆದ್ದಿದ್ದರೆ ದಿಲ್ಲಿಗೆ ಹೋಗಬೇಕಿತ್ತು. ಆದರೆ ಗುಂಡು ಎಸೆಯುವ ಚಕ್ರದ ಮುಂಭಾಗದಲ್ಲಿ ಒಂದು ಮರದ ಪಟ್ಟಿ ಇರುತ್ತದೆ, ಅದರ ಮೇಲೆ ಕಾಲಿಟ್ಟರೆ ತಪ್ಪು. ಗೋನೆಗಂಡ್ಲದ ಒಬ್ಬ ಡ್ರಿಲ್ ಮೇಷ್ಟ್ರು, ಅವತ್ತಿನ ತೀರ್ಪುಗಾರ, ಕೆಂಪು ಬಾವುಟ ಎತ್ತಿದ. "ಇಟ್ಟಿಲ್ಲ ಅಂತ ಅತ್ತೆ, ಕೇಳಲಿಲ್ಲ ಅವ. ಮರುವರ್ಷ ಮದುವಿ ಆತು. ಅವತ್ತಿಂದ ಇವತ್ತಿನ ತನಕ, ಅನ್ನಕ್ಕ ಎಸರಿಡುವಾಗೆಲ್ಲ ಅವನ್ನ ಬೈದೀನಿ. ಅವನ ಕಣ್ಣು ಹೋಗ್ಲಿ ಅಂದೀನಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗುಮಾಸ್ತರು ಮಾತ್ರ ಚೀಲದಿಂದ ಹತ್ತಿ, ಒಂದು ಸಣ್ಣ ಸ್ಪಿರಿಟ್ ಸೀಸೆ ತೆಗೆದರು. ಈ ಹವ್ಯಾಸದವರ ಚೀಲದಲ್ಲಿ ಅದು ಇರುತ್ತದಂತೆ. ನುಣುಪು ಕಾಗದ, ಶಾಯಿ ಇನ್ನೂ ಹೊಸದು, ಹೋದರೂ ಹೋಗಬಹುದು ಎಂದು, ಕೂಸಿನ ಮುಖ ಒರೆಸುವಂತೆ ಒರೆಸತೊಡಗಿದರು. ಉಕಾರ ಹೋಯಿತು. ರುಕಾರ ಹೋಯಿತು. ಹಿಂದೆ ಬೂದು ನೆಲ ಕಂಡಿತು, ಆಮೇಲೆ ಚಕ್ರದ ಸುಣ್ಣದ ಗೆರೆ. 'ದ'ಕಾರದ ಕೆಳಗಿನಿಂದ ಒಂದು ಬರಿಗಾಲು ಹೊರಬಂತು. ಹೆಬ್ಬೆರಳೂ ಅದರ ಪಕ್ಕದ ಬೆರಳೂ ಮರದ ಪಟ್ಟಿಯ ಮೇಲೆ, ಅಂಟು ಹಾಕಿ ಅಂಟಿಸಿದಂತೆ ನಿಂತಿದ್ದವು.

ಗುಮಾಸ್ತರು ಹತ್ತಿಯನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದುಕೊಂಡರು. ಅಳುತ್ತಾರೇನೋ ಎಂದು ನಾನು ಉರುಕುಂದಮ್ಮನ ಭುಜದ ಮೇಲೆ ಕೈಯಿಟ್ಟೆ. ಭುಜ ಅಲುಗುತ್ತಿತ್ತು. ನೋಡಿದರೆ ನಗು! ಮೊದಲು ಸಣ್ಣಗೆ, ಆಮೇಲೆ ಮೆಟ್ಟಿಲ ಮೇಲೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವ ತನಕ.

"ಅಯ್ಯ ಶಿವನೇ, ಇಟ್ಟೀನಲ್ಲ! ಪಾಪ, ಅವರದೇನು ತಪ್ಪು ಐತಿ? ಪಾಪ ಮೇಷ್ಟ್ರು!"

ಅಲ್ಲಿಯವರೆಗೆ 'ಅವ' ಆಗಿದ್ದ ಮನುಷ್ಯ ಒಂದು ಉಸಿರಿನಲ್ಲಿ 'ಅವರು' ಆದದ್ದನ್ನು ನಾನು ಗಮನಿಸಿದೆ. ಏಕವಚನ ಬಹುವಚನವನ್ನು ಎಷ್ಟೋ ವರ್ಷದಿಂದ ಪಾಠ ಮಾಡಿದ್ದೇನೆ. ಅದು ಇಷ್ಟು ದೂರದ ದಾರಿ ಎಂದು ಗೊತ್ತಿರಲಿಲ್ಲ.

ಉರುಕುಂದಮ್ಮ ನನ್ನ ಕೈಯಲ್ಲೇ ಉಳಿದಿದ್ದ ಮಾರ್ಕರ್ ಇಸಿದುಕೊಂಡು ಫೋಟೋದ ಮೇಲ್ತುದಿಯ ಆಕಾಶದಲ್ಲಿ, ಗುಂಡಿನ ಪಕ್ಕ, ಸೊಟ್ಟಸೊಟ್ಟಾದ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ನಾನು ಬರೆದದ್ದಕ್ಕಿಂತ ನೂರು ಪಾಲು ಕೆಟ್ಟ ಅಕ್ಷರ. ಗುಮಾಸ್ತರು ಫೋನಿನಲ್ಲಿ ಅದರ ಚಿತ್ರ ತೆಗೆದು ನನಗೆ ಕಳಿಸಿ, ಪ್ರಿಂಟು ಹಾಕಿಸಿ ಉರುಕುಂದಮ್ಮನಿಗೆ ಮುಟ್ಟಿಸುವ ಶಿಕ್ಷೆ ಕೊಟ್ಟರು. ಆ ಇಬ್ಬರು ಹುಡುಗಿಯರನ್ನು ಹಾಲೆಲ್ಲ ಹುಡುಕಿ ಕರೆತಂದು ಉರುಕುಂದಮ್ಮನಿಂದಲೇ ಸಹಿ ಹಾಕಿಸಿದೆ. ಅವರು ಎರಡೂ ಸಹಿ ಇರಲಿ ಅಂದರು. ಮಕ್ಕಳಿಗೆ ಒಂದಕ್ಕೆ ಎರಡು ಬಂದರೆ ಲಾಭವೇ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆಲೂರು, ಹಾಲಹರವಿ ಕಡೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಹಿಡಿದು ಕೂಗಿದೆ. ಉರುಕುಂದಮ್ಮ ಕೆಳಗೇ ನಿಂತಿದ್ದರು. "ನೀವು ಹೋಗ್ರಿ. ಮೇಷ್ಟ್ರು ಇನ್ನೂ ಅದಾರ ಅಂತ ಕೇಳೀನಿ. ನಮ್ಮ ತಂಗಿ ಎಮ್ಮಿಗನೂರಾಗ ಅದಾಳ, ಇವತ್ತು ಆಕಿ ಮನ್ಯಾಗ ಇದ್ದು, ಮುಂಜಾನೆದ್ದು ಗೋನೆಗಂಡ್ಲಕ್ಕ ಹೋಗ್ತೀನಿ. ಅಷ್ಟು ಬೈದೀನಿ, ಒಮ್ಮೆ ಕಾಲಿಗೆ ಬಿದ್ದು ಬರ್ತೀನಿ."

ವಾರ ಕಳೆದು ಫೋಟೋ ಸಿದ್ಧವಾದಾಗ ಫೋನು ಮಾಡಿದೆ. "ಸಿಕ್ಕರೇನ್ರಿ ಅಕ್ಕಾರ, ಮೇಷ್ಟ್ರು?"

"ಸಿಕ್ಕರು. ಕಣ್ಣು ಚೆಂದ ಅದಾವ, ನನ್ನ ಶಾಪ ತಾಗಿಲ್ಲ. ಎಲ್ಲಾ ಹೇಳಿ ಕಾಲು ಮುಟ್ಟೀನಿ, ಅವರು ನನ್ನ ಮುಖಾನ ನೋಡಿ, ಯಾವ ಆಟವ್ವ, ಯಾವ ಕಾಲು, ನೀ ಯಾರು ಅಂತಾರ! ಒಂದೂ ನೆನಪಿಲ್ಲ!"

"ಅಯ್ಯೋ! ಮತ್ತ ನೀವೇನು ಮಾಡಿದ್ರಿ?"

"ಏನು ಮಾಡ್ಲಿ? ತಪ್ಪಾತು ಅನ್ನಾಕ ಹೋದಾಕಿ, ಮರ್ತದ್ದಕ್ಕ ಚೆಂದಂಗ ಬೈದು ಬಂದೀನಿ. ಬೈಸ್ಕೊಂಡು ನಕ್ಕರು, ರೊಟ್ಟಿ ಹಾಕಿಸಿ ಕಳಿಸಿದರು."